ಬಣ್ಣ ಬಳಿದು ಅಳಿಸುವ ಚರಿತ್ರೆ

ಹಳೆಯ ಸೇನಾ ಸಾಮಗ್ರಿಯನ್ನು ಸಂಗ್ರಹಿಸುವವರಲ್ಲಿ, ಅದನ್ನು ಕೊಂಡು ಮಾರುವ ವರ್ತಕರಲ್ಲಿ, ಹಲವು ಖಾಸಗಿ ಸಂಗ್ರಹಾಲಯಗಳಲ್ಲಿಯೂ ಒಂದು ಅಭಿಪ್ರಾಯ ಬಹುಕಾಲದಿಂದ ಪ್ರಶ್ನಾತೀತವೆಂಬಂತೆ ಬೇರೂರಿದೆ. ಮದ್ದುಗುಂಡಿನ ಹಳೆಯ ಪೆಟ್ಟಿಗೆಯೊಂದು ಕೈಸೇರಿದರೆ ಅದರ ಸುಲಿದ ಬಣ್ಣವನ್ನು ಕೆರೆದು, ಹಲಗೆಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ತುಕ್ಕು ಹಿಡಿದ ಕೊಂಡಿ ಬಿಜಾಗರಿಗಳನ್ನು ಬದಲಿಸಿ, ಹೊಸದಾಗಿ ಬಣ್ಣ ಬಳಿದು, ಮಾಸಿದ ಅಕ್ಷರಗಳನ್ನು ಮತ್ತೆ ಮೂಡಿಸಿ, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಅದನ್ನು ತರುವುದೇ ಅದಕ್ಕೂ ಅದನ್ನು ಹೊತ್ತ ಸೈನಿಕರಿಗೂ ಸಲ್ಲಿಸುವ ಗೌರವವೆಂಬುದು ಆ ಅಭಿಪ್ರಾಯ. ಈ ಕ್ರಿಯೆಯನ್ನು ಇಲ್ಲಿ ನವೀಕರಣವೆಂದೂ, ವಸ್ತುವು ಇರುವ ಸ್ಥಿತಿಯಲ್ಲಿಯೇ ಅದರ ಕ್ಷಯವನ್ನು ತಡೆದು ಉಳಿಸುವ ಕ್ರಿಯೆಯನ್ನು ಸಂರಕ್ಷಣೆಯೆಂದೂ ಕರೆಯಲಾಗಿದೆ. ನವೀಕರಣವು ಹಳೆಯ ಪೆಟ್ಟಿಗೆಯನ್ನು ಉಳಿಸುವುದಿಲ್ಲ, ಅದನ್ನು ನಾಶಮಾಡಿ ಅದೇ ಹಲಗೆಗಳಿಂದ ಹೊಸದೊಂದು ಪೆಟ್ಟಿಗೆಯನ್ನು ಕಟ್ಟುತ್ತದೆ ಎಂಬುದೇ ಈ ಲೇಖನದ ವಾದ.

ನವೀಕರಣದ ಪರವಾಗಿ ಹೇಳಲಾಗುವ ಮಾತುಗಳು ಮುಖ್ಯವಾಗಿ ನಾಲ್ಕು. ಪೆಟ್ಟಿಗೆಯ ನಿಜವಾದ ರೂಪ ಅದು ಸೇನೆಗೆ ಸೇರಿದ ದಿನದ ರೂಪವೇ ಆಗಿದ್ದು, ಉಳಿದದ್ದೆಲ್ಲ ಕಾಲ ತಂದ ಕೊಳೆ ಎಂಬುದು ಮೊದಲನೆಯದು. ಕೊಳೆತು ಹಾಳಾಗಲು ಬಿಡುವುದಕ್ಕಿಂತ ದುರಸ್ತಿ ಮಾಡುವುದು ಮೇಲೆಂಬುದು ಎರಡನೆಯದು. ಇಂಥ ಪೆಟ್ಟಿಗೆಗಳು ಲಕ್ಷಗಟ್ಟಲೆ ತಯಾರಾದವುಗಳಾದ್ದರಿಂದ ಒಂದೆರಡು ಹೋದರೆ ನಷ್ಟವಿಲ್ಲವೆಂಬುದು ಮೂರನೆಯದು. ಸೇನೆಯೇ ಅವುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದಾಗ ಸಂಗ್ರಾಹಕನು ಬಳಿದರೆ ತಪ್ಪೇನೆಂಬುದು ನಾಲ್ಕನೆಯದು. ಈ ನಾಲ್ಕೂ ಸದುದ್ದೇಶದಿಂದಲೇ ಹುಟ್ಟಿದ ಮಾತುಗಳು. ಆದರೆ ನಾಲ್ಕೂ ಪೆಟ್ಟಿಗೆಯನ್ನು ಬರಿಯ ಆಕಾರವೆಂದು ತಿಳಿದ ತಪ್ಪುಗ್ರಹಿಕೆಯ ಮೇಲೆ ನಿಂತಿವೆ.

ಮದ್ದುಗುಂಡಿನ ಪೆಟ್ಟಿಗೆ ಬರಿಯ ಆಕಾರವಲ್ಲ, ಅದೊಂದು ದಾಖಲೆ. ಅಕ್ಷರಗಳ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಬಣ್ಣವಾಡಿಸಿ ಮೂಡಿಸುವ ಸ್ಟೆನ್ಸಿಲ್ ಬರಹವು ಒಳಗಿನ ತೋಟಾಗಳ ಬಗೆ, ಸಂಖ್ಯೆ, ತುಂಬಿದ ದಿನಾಂಕ, ತಯಾರಾದ ತಂಡದ ಗುರುತು ಇವುಗಳನ್ನು ಹೇಳುತ್ತದೆ. ಬ್ರಿಟಿಷ್ ಪೆಟ್ಟಿಗೆಗಳ ಮೇಲಿನ ಅಗಲವಾದ ಬಾಣದ ಗುರುತು ಅದು ಸರ್ಕಾರದ ಸ್ವತ್ತೆಂಬುದನ್ನು ಸಾರುತ್ತದೆ. ಪುಣೆಯ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆಯ ತೋಟಾಗಳ ಬುಡದಲ್ಲಿ ಆ ಊರಿನ ಅಂದಿನ ಇಂಗ್ಲಿಷ್ ಹೆಸರಾದ ಕಿರ್ಕೀಯನ್ನು ಸೂಚಿಸುವ 'ಕೆ.ಎಫ್.' ಎಂಬ ಅಚ್ಚು ಇರುತ್ತಿತ್ತು. ಪೆಟ್ಟಿಗೆಯ ಬರಹವೂ ತೋಟಾದ ಅಚ್ಚೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ಯಾವ ಸರಕು ಎಲ್ಲಿ ಹುಟ್ಟಿ ಎಲ್ಲಿಗೆ ಹೋಯಿತೆಂಬುದನ್ನು ಇತಿಹಾಸಕಾರನು ಹೇಳಬಲ್ಲನು. ಉಜ್ಜುಕಾಗದ ಹತ್ತು ನಿಮಿಷದಲ್ಲಿ ಈ ಸಾಕ್ಷ್ಯದ ಅರ್ಧವನ್ನು ಪುಡಿಮಾಡುತ್ತದೆ. ಉಳಿದರ್ಧ ಆಮೇಲೆ ಯಾರಿಗೂ ಬೇಡವಾಗುತ್ತದೆ.

ಅಕ್ಷರಗಳಷ್ಟೇ ಅಲ್ಲ, ಬಣ್ಣದ ಪದರಗಳೂ ಕಾಲವನ್ನು ಹೇಳುತ್ತವೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ಸೇನೆ ತನ್ನ ವಾಹನ ಸಲಕರಣೆಗಳಿಗೆ ಕಂದು ಬಣ್ಣವನ್ನು ಬಳಸತೊಡಗಿದ್ದಕ್ಕೆ ಹಸಿರು ಬಣ್ಣಕ್ಕೆ ಬೇಕಾದ ಕ್ರೋಮಿಯಂ ಆಕ್ಸೈಡಿನ ಕೊರತೆ ಒಂದು ಕಾರಣವಾಗಿತ್ತು. 1944ರಲ್ಲಿ ಅದರ ಜಾಗಕ್ಕೆ ಆಲಿವ್ ಹಸಿರು ಬಂದಿತು. ಜರ್ಮನ್ ಸೇನೆ 1943ರ ಫೆಬ್ರವರಿಯಲ್ಲಿ ಗಾಢ ಬೂದು ಬಣ್ಣವನ್ನು ಬಿಟ್ಟು ಗಾಢ ಹಳದಿಗೆ ಬದಲಾಯಿಸಿತು. ಬೂದು ಬಣ್ಣದ ಮೇಲೆ ಹಳದಿಯಿರುವ ಪೆಟ್ಟಿಗೆ ಆ ಬದಲಾವಣೆಗಿಂತ ಮೊದಲೇ ಹುಟ್ಟಿ ಅದರ ನಂತರವೂ ಸೇವೆಯಲ್ಲಿತ್ತೆಂದು ಊಹಿಸಲು ಆ ಎರಡು ಪದರಗಳ ಅನುಕ್ರಮವೇ ಆಧಾರ. ಸೇನೆಯೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿತ್ತೆಂಬ ನಾಲ್ಕನೆಯ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ಖಾಲಿಯಾದ ಪೆಟ್ಟಿಗೆಗಳು ಎಷ್ಟೋ ಸಲ ಉಗ್ರಾಣಕ್ಕೆ ಮರಳಿ, ಹಳೆಯ ಬರಹವನ್ನು ಹೊಸ ಬಣ್ಣದಡಿ ಮುಚ್ಚಿಸಿಕೊಂಡು, ಹೊಸ ಸರಕನ್ನು ಹೊತ್ತು ಮತ್ತೆ ಹೊರಟದ್ದು ನಿಜ. ಆದರೆ ಉಗ್ರಾಣದ ಕೆಲಸಗಾರನು ಬಳಿದ ಪದರವು ಪೆಟ್ಟಿಗೆಯ ಸೇವಾಜೀವನದ ಒಂದು ಘಟನೆಯಾಗಿದ್ದು, ಅದು ಕೆಳಗಿನ ಪದರವನ್ನು ಮುಚ್ಚಿತೇ ಹೊರತು ಕಿತ್ತುಹಾಕಲಿಲ್ಲ. ಮಸಿಯಿಂದ ಬರೆದ ಅಕ್ಷರಗಳು ಮೇಲಿನ ಬಣ್ಣದಡಿಯಲ್ಲಿ ಹೂತಿದ್ದರೂ ಅವಕೆಂಪು ಕಿರಣಗಳ ಛಾಯಾಚಿತ್ರಣದಿಂದ ಅವುಗಳನ್ನು ಓದಲು ಹಲವು ವೇಳೆ ಸಾಧ್ಯವಾಗುತ್ತದೆ. ನವೀಕರಣಕಾರನಾದರೋ ಮೊದಲು ಎಲ್ಲ ಪದರಗಳನ್ನೂ ಮರದವರೆಗೆ ಕೆರೆದು, ಆಮೇಲೆ ತನ್ನ ಪದರವನ್ನು ಸೇನೆಯ ಪದರವೆಂಬಂತೆ ತೋರಿಸುತ್ತಾನೆ. ಒಬ್ಬನು ದಾಖಲೆಗೆ ಪುಟ ಸೇರಿಸಿದನು. ಇನ್ನೊಬ್ಬನು ಎಲ್ಲ ಪುಟಗಳನ್ನೂ ಹರಿದು ಸುಳ್ಳು ಪುಟವೊಂದನ್ನು ಇಟ್ಟನು.

ಸವಕಳಿ, ಬಿರುಕು, ಬಾಗಿದ ಮೊಳೆ ಇವೆಲ್ಲ ಬರಿಯ ಹಾಳುಬಿದ್ದ ಲಕ್ಷಣಗಳೆಂದು ನಂಬಿದವರು ಇಸಾಂಡಲ್ವಾನದ ಪ್ರಕರಣವನ್ನು ಗಮನಿಸಬೇಕು. 1879ರ ಜನವರಿ 22ರಂದು ದಕ್ಷಿಣ ಆಫ್ರಿಕದ ಝುಲು ನಾಡಿನ ಆ ಬೆಟ್ಟದ ಬುಡದಲ್ಲಿ ಝುಲು ಸೇನೆ ಬ್ರಿಟಿಷರ ಪಾಳೆಯವನ್ನು ಸುತ್ತುವರಿದು ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಆಧುನಿಕ ಬಂದೂಕುಗಳಿದ್ದ ಪಡೆ ಮುಖ್ಯವಾಗಿ ಈಟಿ ಗುರಾಣಿಗಳನ್ನು ಹಿಡಿದ ಪಡೆಗೆ ಸೋತದ್ದೇಕೆಂಬ ಪ್ರಶ್ನೆಗೆ ದೊರೆತ ಜನಪ್ರಿಯ ಉತ್ತರದಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಂತದ್ದು ಮದ್ದುಗುಂಡಿನ ಪೆಟ್ಟಿಗೆಯೇ. ತಾಮ್ರದ ಪಟ್ಟಿಗಳಿಂದ ಬಿಗಿದು ತಿರುಪುಗಳಿಂದ ಭದ್ರಪಡಿಸಿದ ಪೆಟ್ಟಿಗೆಗಳನ್ನು ತೆರೆಯಲು ತಿರುಪುಳಿಗಳು ಸಾಲಲಿಲ್ಲ, ಉಗ್ರಾಣಾಧಿಕಾರಿಗಳು ನಿಯಮದ ನೆಪ ಹೇಳಿ ಹಂಚಲು ತಡಮಾಡಿದರು, ಅಷ್ಟರಲ್ಲಿ ಮುಂಚೂಣಿಯ ಬಂದೂಕುಗಳು ಬರಿದಾದವು ಎಂಬುದು ಆ ಕಥೆ. ಅಂದು ತರುಣ ಅಧಿಕಾರಿಯಾಗಿದ್ದು ಬದುಕಿ ಉಳಿದ ಸ್ಮಿತ್ ಡೋರಿಯನ್ 1925ರ ತಮ್ಮ ಆತ್ಮಕಥೆಯಲ್ಲಿ ಉಗ್ರಾಣಾಧಿಕಾರಿಯ ಆಕ್ಷೇಪವನ್ನು ಉಲ್ಲೇಖಿಸಿದ್ದರು. ಡೊನಾಲ್ಡ್ ಮಾರಿಸ್ 1965ರಲ್ಲಿ ಪ್ರಕಟಿಸಿದ ಝುಲು ಇತಿಹಾಸದ ಗ್ರಂಥ ಈ ವಿವರಣೆಯನ್ನು ಜಗತ್ತಿಗೆಲ್ಲ ಹರಡಿತು. 1979ರ 'ಝುಲು ಡಾನ್' ಚಲನಚಿತ್ರ ಅದನ್ನು ತೆರೆಯ ಮೇಲೆ ತೋರಿಸಿತು.

ಈ ಕಥೆಯನ್ನು ಅಲುಗಿಸಿದ ಸಾಕ್ಷ್ಯಗಳಲ್ಲಿ ಪೆಟ್ಟಿಗೆಯ ರಚನೆ ಮತ್ತು ಅದರ ಚೂರುಗಳು ಮುಖ್ಯವಾದವು. ಮಾರ್ಟಿನಿ ಹೆನ್ರಿ ಬಂದೂಕಿನ 600 ತೋಟಾಗಳನ್ನು ಹತ್ತು ಹತ್ತರ ಪೊಟ್ಟಣಗಳಾಗಿ ಹಿಡಿಯುತ್ತಿದ್ದ ಆ ಪೆಟ್ಟಿಗೆಯಲ್ಲಿ ತಾಮ್ರದ ಪಟ್ಟಿಗಳನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ. ಮುಚ್ಚಳದ ನಡುವೆ ಜಾರುವ ಹಲಗೆಯೊಂದಿದ್ದು, ಅದನ್ನು ಹಿಡಿದಿದ್ದದ್ದು ಒಂದೇ ಒಂದು ಹಿತ್ತಾಳೆಯ ತಿರುಪು. ಅವಸರವಿದ್ದಾಗ ಆ ಹಲಗೆಯ ಅಂಚಿಗೆ ಬಂದೂಕಿನ ಹಿಡಿಯಿಂದಲೋ ಕಲ್ಲಿನಿಂದಲೋ ಬಲವಾಗಿ ಹೊಡೆದರೆ ತಿರುಪು ಬಾಗಿ ಮುಚ್ಚಳ ಕಿತ್ತುಬರುತ್ತಿತ್ತು. ರಣಭೂಮಿಯಲ್ಲಿ ಹಾಗೆ ಬಾಗಿದ ತಿರುಪುಗಳು ದೊರೆತಿವೆ; 2000ದಲ್ಲಿ ಅಲ್ಲಿ ಪುರಾತತ್ತ್ವಜ್ಞರು ನಡೆಸಿದ ಶೋಧವೂ ಪೆಟ್ಟಿಗೆಗಳು ಪಾಳೆಯದಿಂದಾಚೆಗೆ ಸೈನಿಕರ ಸಾಲಿನವರೆಗೆ ತಲುಪಿ ಅಲ್ಲಿಯೇ ಒಡೆದದ್ದಕ್ಕೆ ಸಾಕ್ಷ್ಯ ನೀಡಿತು. ಸೋಲಿನ ಕಾರಣವನ್ನು ಇಂದಿನ ಇತಿಹಾಸಕಾರರು ತೀರ ಚದುರಿದ್ದ ರಕ್ಷಣಾ ಸಾಲಿನಲ್ಲಿಯೂ ಝುಲು ಸೇನಾನಿಗಳ ಸುತ್ತುವರಿಯುವ ತಂತ್ರದಲ್ಲಿಯೂ ಹುಡುಕುತ್ತಾರೆ. ಪೆಟ್ಟಿಗೆಯನ್ನು ದೂರುವ ಕಥೆ ಝುಲು ಸೈನಿಕರಿಗೆ ಸಲ್ಲಬೇಕಾದ ಗೆಲುವಿನ ಶ್ರೇಯವನ್ನು ಒಂದು ತಿರುಪಿನ ಪಾಲು ಮಾಡಿತ್ತೆಂಬುದನ್ನು ನೆನೆದರೆ, ಬಾಗಿದ ತಿರುಪಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಅದೇ ತಿರುಪು ನವೀಕರಣಕಾರನ ಕೈಗೆ ಸಿಕ್ಕಿದ್ದರೆ ಅವನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅದನ್ನು ಎಸೆದು, ಹೊಳೆಯುವ ಹೊಸ ಹಿತ್ತಾಳೆಯ ತಿರುಪನ್ನು ನೇರವಾಗಿ ಕೂರಿಸುವುದು.

ಇನ್ನು ಹುಟ್ಟಿದ ದಿನದ ರೂಪವೇ ನಿಜವಾದ ರೂಪವೆಂಬ ಮೊದಲ ಮಾತನ್ನು ಪರಿಶೀಲಿಸಬಹುದು. ಅಮೆರಿಕದ ಅಂತರ್ಯುದ್ಧದ ಕಾಲದ ಫಿರಂಗಿ ದಳಗಳು ಬಂಡಿಯ ಮೇಲೆ ಒಯ್ಯುತ್ತಿದ್ದ ಮದ್ದುಗುಂಡಿನ ಪೆಟ್ಟಿಗೆಗಳು ಈ ಪ್ರಶ್ನೆಗೆ ತಕ್ಕ ನಿದರ್ಶನ. ಹನ್ನೆರಡು ಪೌಂಡಿನ ಗುಂಡು ಹಾರಿಸುವ ನೆಪೋಲಿಯನ್ ಫಿರಂಗಿಯ ಒಂದು ಪೆಟ್ಟಿಗೆಯಲ್ಲಿ 12 ಗಟ್ಟಿಗುಂಡುಗಳು, ಆಕಾಶದಲ್ಲಿ ಸಿಡಿದು ಸಣ್ಣ ಗುಂಡುಗಳನ್ನು ಚೆಲ್ಲುವ 12 ಗೋಲಗಳು, 4 ಸಿಡಿಗುಂಡುಗಳು, ಹತ್ತಿರದ ಶತ್ರುವಿನ ಮೇಲೆ ಹಾರಿಸುವ 4 ತಗಡಿನ ಡಬ್ಬಿಗಳು, ಹೀಗೆ ಒಟ್ಟು 32 ಸುತ್ತುಗಳಿರುತ್ತಿದ್ದವು. ಮುಚ್ಚಳದ ಮೇಲೆ ತಾಮ್ರದ ತಗಡು ಹೊದಿಸಲಾಗುತ್ತಿತ್ತು. ದಳ ಚಲಿಸುವಾಗ ಫಿರಂಗಿಗಾರರು ಆ ಮುಚ್ಚಳದ ಮೇಲೆಯೇ ಕೂರುತ್ತಿದ್ದರು. ಮುಚ್ಚಳದ ಒಳಮೈಗೆ ಎಷ್ಟು ದೂರಕ್ಕೆ ಫಿರಂಗಿಯನ್ನು ಎಷ್ಟು ಎತ್ತಬೇಕೆಂದು ಹೇಳುವ ಮುದ್ರಿತ ಕೋಷ್ಟಕವನ್ನು ಅಂಟಿಸಲಾಗುತ್ತಿತ್ತು. ಕೂತು ಕೂತು ಸವೆದ ತಾಮ್ರ, ಗುಂಡುಗಳು ಅಲುಗಾಡಿ ಒಳಗಿನ ವಿಭಾಗಗಳಲ್ಲಿ ಬಿದ್ದ ಗುರುತುಗಳು, ಬೆರಳಾಡಿ ಕಪ್ಪಾದ ಕೋಷ್ಟಕದ ಅಂಚು ಇವೆಲ್ಲ ಹುಟ್ಟಿದ ದಿನ ಇರಲಿಲ್ಲ. ಹುಟ್ಟಿದ ದಿನದ ಪೆಟ್ಟಿಗೆ ಇನ್ನೂ ಯಾವ ಯುದ್ಧವನ್ನೂ ಕಂಡಿರಲಿಲ್ಲ. ಯುದ್ಧದ ನೆನಪಿಗಾಗಿ ಪೆಟ್ಟಿಗೆಯನ್ನು ಕೊಂಡವನು ಅದನ್ನು ಯುದ್ಧಕ್ಕೆ ಮೊದಲಿನ ಸ್ಥಿತಿಗೆ ಒಯ್ಯುವುದರಲ್ಲಿ ಸ್ವವಿರೋಧವಿದೆ.

ಅಷ್ಟೇ ಅಲ್ಲ, ಹುಟ್ಟಿದ ದಿನದ ರೂಪ ಯಾವುದೆಂಬುದನ್ನು ನವೀಕರಣಕಾರನು ಬಲ್ಲನೆಂಬುದೂ ಭ್ರಮೆ. ಆ ಪೆಟ್ಟಿಗೆಗಳಿಗೆ ಬಳಿಯುತ್ತಿದ್ದ ಆಲಿವ್ ಬಣ್ಣವನ್ನು ಹಳದಿ ಕಾವಿ, ದೀಪದ ಮಸಿ, ಕುದಿಸಿದ ಅಗಸೆ ಎಣ್ಣೆ ಇವುಗಳಿಂದ ತಯಾರಿಸುವ ಕ್ರಮವನ್ನು 1861ರ ಅಮೆರಿಕ ಸೇನೆಯ ಶಸ್ತ್ರಾಸ್ತ್ರ ಕೈಪಿಡಿ ವಿವರಿಸುತ್ತದೆ. ಆದರೆ ಕಾವಿಯ ಛಾಯೆ ಗಣಿಯಿಂದ ಗಣಿಗೆ ಬೇರೆಯಾಗುತ್ತದೆ, ಎಣ್ಣೆ ವರ್ಷಗಳು ಕಳೆದಂತೆ ಕಂದಾಗುತ್ತದೆ. ಆದ್ದರಿಂದ ಬರಹದಲ್ಲಿರುವ ಪಾಕದಿಂದಷ್ಟೇ ನಿಜವಾದ ಬಣ್ಣವನ್ನು ಪಡೆಯುವುದು ಸಾಧ್ಯವಿಲ್ಲ. ಉಳಿದುಬಂದ ಮೂಲ ಬಣ್ಣದ ಚಕ್ಕೆಯೇ ಇದಕ್ಕೆ ಕೊನೆಯ ಪ್ರಮಾಣ, ಆ ಚಕ್ಕೆಯನ್ನೇ ನವೀಕರಣ ಕೆರೆದು ಹಾಕುತ್ತದೆ. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕೆಂಬ ತತ್ತ್ವವನ್ನು ಸ್ಮಾರಕಗಳ ವಿಷಯದಲ್ಲಿ 1964ರ ವೆನಿಸ್ ಸನ್ನದು ಅಂಗೀಕರಿಸಿತು; ಅದಕ್ಕೂ ಬಹಳ ಮೊದಲೇ, 1877ರಲ್ಲಿ, ವಿಲಿಯಂ ಮಾರಿಸ್ ಇಂಗ್ಲೆಂಡಿನ ಹಳೆಯ ಕಟ್ಟಡಗಳನ್ನು ನವೀಕರಣಕಾರರ ಕೈಯಿಂದ ಉಳಿಸಲೆಂದೇ ಸಂಘವೊಂದನ್ನು ಸ್ಥಾಪಿಸಿದ್ದರು. ಕಟ್ಟಡಕ್ಕೆ ಸಲ್ಲುವ ಈ ವಿವೇಕ ಪೆಟ್ಟಿಗೆಗೆ ಸಲ್ಲದಿರಲು ಗಾತ್ರದ ಹೊರತು ಬೇರೆ ಕಾರಣವಿಲ್ಲ. ಹಲ್ಮಿಡಿಯ ಶಾಸನದ ಸವೆದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೆತ್ತಿ ಸ್ಫುಟಗೊಳಿಸಬೇಕೆಂದು ಯಾವ ಕನ್ನಡಿಗನೂ ಹೇಳಲಾರನು. ಸವೆದ ಸ್ಟೆನ್ಸಿಲ್ ಬರಹದ ಮೇಲೆ ಕುಂಚವಾಡಿಸುವುದು ಅದೇ ಕೆಲಸ.

ಕರ್ನಾಟಕದಲ್ಲಿಯೇ ಇದಕ್ಕೆ ನೇರವಾಗಿ ಸಂಬಂಧಿಸಿದ ಉದಾಹರಣೆಯೊಂದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಿದ್ದ ಬಾವಿಯೊಂದರಿಂದ ಟಿಪ್ಪುವಿನ ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಅವುಗಳ ತುಕ್ಕುಹಿಡಿದ ಕೊಳವೆಗಳೊಳಗೆ ಮದ್ದಿನ ಅವಶೇಷ ಉಳಿದಿದ್ದುದರಿಂದಲೇ ಅವು ಬರಿಯ ಕಬ್ಬಿಣದ ತುಂಡುಗಳಾಗದೆ ಮೈಸೂರಿನ ಯುದ್ಧತಂತ್ರಕ್ಕೆ ಪುರಾವೆಗಳಾದವು. ಅವುಗಳನ್ನು ಹೊಳಪು ಬರುವಂತೆ ಉಜ್ಜಿ, ಒಳಗನ್ನು ತೊಳೆದು, ಕರಿಬಣ್ಣ ಬಳಿದಿದ್ದರೆ ನೋಟಕ್ಕೆ ಅಂದವಾಗುತ್ತಿತ್ತು, ಜ್ಞಾನಕ್ಕೆ ಏನೂ ಉಳಿಯುತ್ತಿರಲಿಲ್ಲ.

ಕೊಳೆಯಲು ಬಿಡುವುದಕ್ಕಿಂತ ದುರಸ್ತಿ ಮೇಲೆಂಬ ಎರಡನೆಯ ಮಾತು ಎರಡೇ ದಾರಿಗಳಿವೆಯೆಂಬ ತಪ್ಪು ಭಾವನೆಯನ್ನು ಹುಟ್ಟಿಸುತ್ತದೆ. ಸಂರಕ್ಷಣೆಯೆಂಬ ಮೂರನೆಯ ದಾರಿಯೂ ಇದೆ. ಮೇಲಾಗಿ, ನವೀಕರಣದ ವಿಧಾನಗಳೇ ಎಷ್ಟೋ ವೇಳೆ ವಸ್ತುವಿನ ಕ್ಷಯವನ್ನು ಹೆಚ್ಚಿಸುತ್ತವೆ, ಮಾಡುವವನ ದೇಹಕ್ಕೂ ಕೇಡು ತರುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ. ಅಮೆರಿಕದ ಸೇನೆಯ ಮರದ ಪೆಟ್ಟಿಗೆಗಳಲ್ಲಿ ಹಲವನ್ನು ಗೆದ್ದಲು ಬೂಷ್ಟುಗಳಿಂದ ಕಾಪಾಡಲು ಪೆಂಟಾಕ್ಲೋರೋಫಿನಾಲ್ ಎಂಬ ವಿಷದ್ರಾವಣದಲ್ಲಿ ನೆನೆಸಲಾಗುತ್ತಿತ್ತು. 2015ರಲ್ಲಿ ಆ ರಾಸಾಯನಿಕವನ್ನು ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಅಂಥ ಹಲಗೆಯನ್ನು ಮನೆಯಂಗಳದಲ್ಲಿ ಯಂತ್ರದಿಂದ ಉಜ್ಜುವವನು ತಾನೂ ತನ್ನ ಮಕ್ಕಳೂ ಆ ಧೂಳನ್ನು ಉಸಿರಾಡುವಂತೆ ಮಾಡುತ್ತಾನೆ. ಪೆಟ್ಟಿಗೆಯ ಜೊತೆಗೆ ಬರುವ ರಣಸಾಮಗ್ರಿಯ ವಿಷಯವೂ ಹೀಗೆಯೇ. ಎರಡನೆಯ ಮಹಾಯುದ್ಧದ ಕಾಲದ ಅನೇಕ ದಿಕ್ಸೂಚಿಗಳ ಮುಖದ ಮೇಲೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವಿರುತ್ತದೆ. ಅದರ ಹೊಳಪು ಆರಿಹೋಗಿರುವುದು ಜೊತೆಗಿದ್ದ ಸತುವಿನ ಸಲ್ಫೈಡ್ ಕೆಟ್ಟದ್ದರಿಂದ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕಾದ್ದರಿಂದ ವಿಕಿರಣ ಹಾಗೆಯೇ ಉಳಿದಿದೆ. ಹೊಸ ಬಣ್ಣ ಹಚ್ಚಲೆಂದು ಅದನ್ನು ಕೆರೆಯುವುದಕ್ಕಿಂತ ಅವಿವೇಕದ ಕೆಲಸ ಮತ್ತೊಂದಿಲ್ಲ. ಚರ್ಮದ ತೋಟಾಚೀಲಗಳಿಗೆ ಎಣ್ಣೆ ಉಣಿಸಿ ಮೆದುಗೊಳಿಸುವ ರೂಢಿಯನ್ನೂ ಸಂರಕ್ಷಣಾತಜ್ಞರು ಇಂದು ಒಪ್ಪುವುದಿಲ್ಲ. ಎಣ್ಣೆ ಚರ್ಮವನ್ನು ಕಪ್ಪಾಗಿಸಿ, ಧೂಳನ್ನು ಹಿಡಿದಿಟ್ಟು, ಕಾಲಾಂತರದಲ್ಲಿ ಬಿಳಿಯ ಜಿಡ್ಡಾಗಿ ಮೇಲೇಳುತ್ತದೆ. ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಧರಿಸುತ್ತಿದ್ದ 1937ರ ಮಾದರಿಯ ದಪ್ಪ ಹತ್ತಿಯ ಪಟ್ಟಿಗಳ ಮೇಲೆ ಅವರೇ ತಮ್ಮ ಕೈಯಿಂದ ಬ್ಲಾಂಕೋ ಎಂಬ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚುತ್ತಿದ್ದರು. ಅದನ್ನು ಕೊಳೆಯೆಂದು ಸಾಬೂನಿನಿಂದ ತೊಳೆದಾಗ ಸೈನಿಕನ ಸ್ವಂತ ಕೈಯ ಕೆಲಸವೇ ಮೋರಿಗೆ ಹರಿಯುತ್ತದೆ. ಸೈನಿಕನಿಗೆ ಗೌರವವೆಂಬ ಹೆಸರಿನಲ್ಲಿ ಸೈನಿಕನ ಗುರುತನ್ನೇ ಅಳಿಸುವ ಈ ರೂಢಿಯನ್ನು ಗೌರವವೆನ್ನಲಾಗದು.

ಲಕ್ಷಗಟ್ಟಲೆ ಇವೆಯೆಂಬ ಮೂರನೆಯ ಮಾತು ಕೇಳಲು ವ್ಯಾವಹಾರಿಕವಾಗಿದೆ, ಆದರೆ ಸಾಮಾನ್ಯವಾದವೆಂದು ಬಗೆದ ವಸ್ತುಗಳೇ ಚರಿತ್ರೆಯಲ್ಲಿ ಮೊದಲು ಇಲ್ಲವಾಗುತ್ತವೆ. ಸೇನಾಪತಿಯ ಖಡ್ಗವನ್ನು ಎಲ್ಲರೂ ಕಾಯುತ್ತಾರೆ, ಕಾಲಾಳು ಒಡೆದ ಪೆಟ್ಟಿಗೆಯನ್ನು ಯಾರೂ ಕಾಯುವುದಿಲ್ಲ. ಮೇಲಾಗಿ, ಒಂದೇ ಮಾದರಿಯ ಲಕ್ಷ ಪೆಟ್ಟಿಗೆಗಳಿದ್ದರೂ ಒಂದೊಂದರ ಬರಹ, ಪದರ, ಗಾಯಗಳು ಬೇರೆ ಬೇರೆ. ನವೀಕರಣವು ಈ ಭಿನ್ನತೆಯನ್ನು ಅಳಿಸಿ ಎಲ್ಲವನ್ನೂ ಒಂದೇ ಅಚ್ಚಿಗೆ ಇಳಿಸುತ್ತದೆ, ಅದರೊಂದಿಗೆ ಮೋಸಕ್ಕೂ ದಾರಿ ತೆರೆಯುತ್ತದೆ. ಸಾಮಾನ್ಯ ಜರ್ಮನ್ ಪೆಟ್ಟಿಗೆಗೆ ನಾಜಿ ಎಸ್‌ಎಸ್ ಪಡೆಯ ಗುರುತನ್ನು ಮೂಡಿಸಿ ಬೆಲೆ ಏರಿಸುವ ದಂಧೆ ಸಂಗ್ರಾಹಕರಿಗೆ ಅಪರಿಚಿತವಲ್ಲ. ಅಕ್ಷರಗಳನ್ನು ಮತ್ತೆ ಮೂಡಿಸುವುದು ಸಭ್ಯವಾದ ಹವ್ಯಾಸವೆಂದು ಒಪ್ಪಿಕೊಂಡ ವಲಯದಲ್ಲಿ ಇಲ್ಲದ ಅಕ್ಷರಗಳನ್ನು ಮೂಡಿಸುವವನನ್ನು ಹಿಡಿಯುವುದು ಕಷ್ಟ, ಏಕೆಂದರೆ ಇಬ್ಬರ ಕುಂಚವೂ ಬಣ್ಣವೂ ಒಂದೇ. ಹಳೆಯ ಬಂದೂಕುಗಳ ಸಂಗ್ರಾಹಕರು ಈ ಪಾಠವನ್ನು ಬಹಳ ಹಿಂದೆಯೇ ಕಲಿತರು. ಅಲ್ಲಿ ಮೂಲ ಮೆರುಗು ಎಷ್ಟು ಉಳಿದಿದೆಯೆಂಬುದೇ ದರ್ಜೆಯ ಅಳತೆಯಾಗಿದ್ದು, ಮತ್ತೆ ಮೆರುಗು ಕೊಟ್ಟ ಬಂದೂಕಿನ ಬೆಲೆ ಸಾಮಾನ್ಯವಾಗಿ ಕುಸಿಯುತ್ತದೆ. ಪೆಟ್ಟಿಗೆಗಳ ಲೋಕ ಆ ವಿವೇಕದಿಂದ ಇನ್ನೂ ದೂರವಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಪೆಟ್ಟಿಗೆ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಸಿಡಿಯಬಲ್ಲ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ಬಳಿಕ ಯಾವ ಕೆಲಸಕ್ಕೂ ಮುನ್ನ ಎಲ್ಲ ಮುಖಗಳನ್ನೂ ನೇರ ಬೆಳಕಿನಲ್ಲಿಯೂ ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿಯೂ ಛಾಯಾಚಿತ್ರ ತೆಗೆಯಬೇಕು, ಏಕೆಂದರೆ ಓರೆಬೆಳಕಿನಲ್ಲಿ ಮಾಸಿದ ಅಕ್ಷರಗಳು ಎದ್ದುಕಾಣುತ್ತವೆ. ಮೃದುವಾದ ಕುಂಚದಿಂದ ಧೂಳನ್ನು ತೆಗೆದು, ಹುಳು ಹಿಡಿದಿದ್ದರೆ ವಿಷ ಹಚ್ಚುವ ಬದಲು ಅತಿಶೀತದಲ್ಲಿಟ್ಟು ಅದನ್ನು ಕೊಲ್ಲಿಸಬೇಕು. ಏಳುತ್ತಿರುವ ಬಣ್ಣದ ಚಕ್ಕೆಗಳನ್ನು ಪ್ಯಾರಲಾಯ್ಡ್ ಬಿ-72ರಂಥ, ಮುಂದೆ ಬೇಕಾದರೆ ಕರಗಿಸಿ ತೆಗೆಯಬಹುದಾದ ಅಂಟಿನಿಂದ ಇದ್ದಲ್ಲಿಯೇ ಹಿಡಿದುನಿಲ್ಲಿಸಬೇಕು. ಲೋಹದ ಭಾಗಗಳಲ್ಲಿ ಹರಡುತ್ತಿರುವ ತುಕ್ಕನ್ನು ಮಾತ್ರ ತಡೆದು, 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ರಿನೇಸನ್ಸ್ ಮೇಣದಂಥ ತೆಳುವಾದ ಲೇಪ ಕೊಟ್ಟರೆ ಸಾಕು. ಇವೆಲ್ಲಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಗಾಳಿಯ ತೇವದ ಹತೋಟಿ. ಮಳೆಗಾಲದ ಕರಾವಳಿ ಮಲೆನಾಡುಗಳಲ್ಲಿ ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಗೋಡೆಯಿಂದ ಸರಿಸಿ, ತೇವ ಹೀರುವ ವಸ್ತುವಿನ ಜೊತೆ ಇಡದವನು ಎಷ್ಟು ಬಣ್ಣ ಬಳಿದರೂ ಮರ ಒಳಗಿನಿಂದ ಕೊಳೆಯುತ್ತದೆ.

ನವೀಕರಣಕ್ಕೆ ಸ್ಥಾನವೇ ಇಲ್ಲವೆಂಬುದು ಈ ವಾದದ ಅರ್ಥವಲ್ಲ. ಹಲಗೆಯೊಂದು ಪೂರ್ತಿ ಇಲ್ಲವಾಗಿ ಪೆಟ್ಟಿಗೆ ಕುಸಿಯುವಂತಿದ್ದರೆ ಹೊಸ ಹಲಗೆಯನ್ನು ಜೋಡಿಸಿ, ಅದರ ಒಳಮೈಯಲ್ಲಿ ಜೋಡಿಸಿದ ವರ್ಷವನ್ನು ಅಳಿಸಲಾಗದಂತೆ ಬರೆಯುವುದು ಪ್ರಾಮಾಣಿಕವಾದ ಕೆಲಸ. ಹಿಂದೆಂದೋ ಯಾರೋ ಬರಿಮರದವರೆಗೆ ಕೆರೆದು ವಾರ್ನಿಷ್ ಹೊಡೆದ ಪೆಟ್ಟಿಗೆಯಲ್ಲಿ ಕಳೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಐತಿಹಾಸಿಕ ಯುದ್ಧಗಳನ್ನು ಮರುನಟಿಸುವವರಿಗೆ, ಚಲನಚಿತ್ರ ತಯಾರಕರಿಗೆ, ಶಾಲಾ ಪ್ರದರ್ಶನಗಳಿಗೆ ಥಳಥಳಿಸುವ ಪೆಟ್ಟಿಗೆ ಬೇಕಾದರೆ ಹೊಸ ಮರದಿಂದ ಪ್ರತಿಕೃತಿಯನ್ನು ಮಾಡಿಸಬಹುದು. ಪ್ರತಿಕೃತಿಯು ತಾನು ಪ್ರತಿಕೃತಿಯೆಂದು ಹೇಳಿಕೊಳ್ಳುವವರೆಗೆ ಯಾರಿಗೂ ಹಾನಿಯಿಲ್ಲ. ಬಡಗಿಯ ಕೌಶಲವನ್ನೂ ಬಣ್ಣಗಾರನ ಕೈಚಳಕವನ್ನೂ ಮೆರೆಯಲು ಅದಕ್ಕಿಂತ ಒಳ್ಳೆಯ ಕ್ಷೇತ್ರವಿಲ್ಲ.

ರೂಢಿಯನ್ನು ಬದಲಿಸುವ ಶಕ್ತಿ ಕೊಳ್ಳುವವರಲ್ಲಿದೆ. ಪೆಟ್ಟಿಗೆಯ ಮೇಲೆ ನಡೆದ ಪ್ರತಿಯೊಂದು ಕೆಲಸದ ಲಿಖಿತ ವಿವರವನ್ನೂ ಕೆಲಸಕ್ಕೆ ಮೊದಲಿನ ಛಾಯಾಚಿತ್ರಗಳನ್ನೂ ಕೊಳ್ಳುವವನು ಕೇಳಬೇಕು. ಅವಿಲ್ಲದ ಹೊಳೆಯುವ ಪೆಟ್ಟಿಗೆಗೆ ಅವನು ಹೆಚ್ಚಿನ ಬೆಲೆ ಕೊಡಬಾರದು. ಪ್ರದರ್ಶನಗಳ ತೀರ್ಪುಗಾರರು ಹೊಸತನಕ್ಕೆ ಬಹುಮಾನ ಕೊಡುವುದನ್ನು ನಿಲ್ಲಿಸಿ, ಉಳಿದ ಮೂಲ ಅಂಶಗಳಿಗೆ ಕೊಡಬೇಕು. ಸಂಗ್ರಹಾಲಯಗಳು ಮರುಬಣ್ಣ ಬಳಿದ ವಸ್ತುವಿನ ಫಲಕದಲ್ಲಿ ಆ ಸಂಗತಿಯನ್ನು ಸ್ಪಷ್ಟವಾಗಿ ಬರೆಯಬೇಕು. ಸಂಗ್ರಾಹಕನು ತಾನು ಪೆಟ್ಟಿಗೆಯ ಕೊನೆಯ ಒಡೆಯನೆಂದು ಭಾವಿಸದೆ, ತನ್ನ ನಂತರವೂ ಅದನ್ನು ಪ್ರಶ್ನಿಸುವವರು ಬರುತ್ತಾರೆಂದೂ ಅವರ ಪ್ರಶ್ನೆಗಳನ್ನು ಇಂದು ಊಹಿಸಲಾಗದೆಂದೂ ಒಪ್ಪಿಕೊಂಡ ದಿನ, ಉಜ್ಜುಕಾಗದವನ್ನು ಕೆಳಗಿಡಲು ಅವನಿಗೆ ಬೇರೆ ಯಾರ ಆಜ್ಞೆಯೂ ಬೇಕಾಗುವುದಿಲ್ಲ.